ಕಿವಿ ಇಲ್ಲದ ಒಂಬತ್ತು ಚೀಟಿಗಳು

2019ರ ಫೆಬ್ರವರಿ 12, ಮಂಗಳವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಠಾಣೆಯ ಮುಂದೆ ಆಟೊ ಇಳಿದ ಹೆಂಗಸಿನ ಕೈಯಲ್ಲಿ ದಪ್ಪ ರಟ್ಟಿನ ಫೈಲಿತ್ತು. ಕಾಲಲ್ಲಿದ್ದುದು ಆಸ್ಪತ್ರೆಯ ಒಳಗೆ ಮಾತ್ರ ಹಾಕುವ ಹಸಿರು ರಬ್ಬರ್ ಚಪ್ಪಲಿ. ಅವಸರದಲ್ಲಿ ಬದಲಾಯಿಸಲು ಮರೆತಿದ್ದರು. ದೊಡ್ಡಾಸ್ಪತ್ರೆಯ ಅರಿವಳಿಕೆ ವೈದ್ಯೆ ಎಂದು ಪರಿಚಯ ಹೇಳಿಕೊಂಡರು.

"ಕೂತ್ಕೊಳ್ಳಿ ಮೇಡಂ," ಎಂದರು ಇನ್‌ಸ್ಪೆಕ್ಟರ್. "ಏನು ಕಳುವಾಗಿದೆ?"

"ನೋವಿನ ಔಷಧಿ."

"ಎಷ್ಟು?"

"ಗೊತ್ತಿಲ್ಲ. ರಿಜಿಸ್ಟರಲ್ಲಿ ಎಲ್ಲಾ ಸರಿಯಾಗಿದೆ."

"ಎಲ್ಲಾ ಸರಿ ಇದ್ಮೇಲೆ ಕಳುವಾಗಿದೆ ಅಂತ ಯಾರು ಹೇಳಿದ್ರು?"

"ನನ್ನ ರೋಗಿಯ ನಾಡಿ ಹೇಳ್ತು."

ದೂರು ಬರೆದುಕೊಳ್ಳುತ್ತಿದ್ದ ದಫೇದಾರರ ಪೆನ್ನು ನಿಂತಿತು. ಮೂವತ್ತು ವರ್ಷದ ಸರ್ವಿಸಿನಲ್ಲಿ ಅವರು ಗಿಳಿ ಕೊಟ್ಟ ಸುಳಿವನ್ನೂ ಬರೆದುಕೊಂಡವರು. "ಸಾರ್, ನಾಡಿಯನ್ನ ಏನಂತ ಬರ್ಕೊಳ್ಳಲಿ? ಸಾಕ್ಷಿ ಅಂತಲಾ?"

"ಸದ್ಯಕ್ಕೆ ಮಾಹಿತಿದಾರ ಅಂತ ಬರ್ಕೊಳ್ಳಿ. ಮೇಡಂ, ನಮಗೆ ಅರ್ಥ ಆಗೋ ಹಾಗೆ ಹೇಳಿ."

ವೈದ್ಯೆ ಮೇಜಿನ ಮೇಲಿದ್ದ ಎರಡು ಪೆನ್ನುಗಳನ್ನು ಪಕ್ಕಪಕ್ಕ ಇಟ್ಟರು. ತೀವ್ರ ನಿಗಾ ಘಟಕದಲ್ಲಿ ಕೃತಕ ಉಸಿರಾಟದ ಯಂತ್ರದ ಮೇಲಿರುವ ರೋಗಿಗೆ ಎರಡು ಸಿರಿಂಜುಗಳಿಂದ ರಕ್ತನಾಳಕ್ಕೆ ಔಷಧಿ ಹೋಗುತ್ತಿರುತ್ತದೆ. ಒಂದೊಂದಕ್ಕೂ ಒಂದು ಪುಟ್ಟ ಪಂಪು. ಒಂದರಲ್ಲಿ ಹಾಲಿನಂತೆ ಬಿಳಿಯಾದದ್ದು, ನಿದ್ದೆಗೆ. ಇನ್ನೊಂದರಲ್ಲಿ ನೀರಿನಂತೆ ತಿಳಿಯಾದದ್ದು, ನೋವಿಗೆ.

"ನಿದ್ದೆ ಬಂದ್ಮೇಲೆ ನೋವೆಲ್ಲಿರುತ್ತೆ ಮೇಡಂ?" ದಫೇದಾರರು ಕೇಳಿದರು.

"ಎಲ್ಲರೂ ಹಾಗೇ ಅಂದ್ಕೊಂಡಿದ್ದಾರೆ. ನಿದ್ದೆ ಔಷಧಿ ಮನೆಯ ಯಜಮಾನನ್ನ ಹೊರಗೆ ಕಳಿಸುತ್ತೆ, ಅಷ್ಟೇ. ಮನೆಯೊಳಗೆ ಬೆಂಕಿ ಬಿದ್ರೆ ಮನೆ ಉರಿಯೋದು ನಿಲ್ಲುತ್ತಾ? ನಾಡಿ ಓಡುತ್ತೆ, ರಕ್ತದೊತ್ತಡ ಏರುತ್ತೆ, ಕಣ್ಣಲ್ಲಿ ನೀರು ಬರುತ್ತೆ. ಬಾಯಿ ಮಾತ್ರ ಇರಲ್ಲ."

"ಒಂದನ್ನೇ ಜಾಸ್ತಿ ಕೊಟ್ರೆ?"

"ನಿದ್ದೆದು ಜಾಸ್ತಿ ಮಾಡಿದ್ರೆ ರಕ್ತದೊತ್ತಡ ಕುಸಿಯುತ್ತೆ. ನೋವಿನದು ಜಾಸ್ತಿ ಮಾಡಿದ್ರೆ ಉಸಿರು ಮರೆತುಹೋಗುತ್ತೆ. ಎರಡನ್ನೂ ಸೇರಿಸಿದ್ರೆ ಎರಡೂ ಕಡಿಮೆ ಸಾಕು. ಆದ್ರೆ ಸೇರಿದಾಗ ಒಂದೂ ಒಂದೂ ಎರಡಾಗಲ್ಲ, ಕೆಲವು ಸಲ ಮೂರಾಗುತ್ತೆ. ಅದಕ್ಕೇ ಪಕ್ಕದಲ್ಲಿ ಕೂತು ಕಾಯಬೇಕು. ನನ್ನ ಕೆಲಸ ಅಂದ್ರೆ ಅದೇ, ಕಾಯೋದು."

ನಾಲ್ಕನೇ ಹಾಸಿಗೆಯಲ್ಲಿ ಒಬ್ಬ ಗಾರೆ ಕೆಲಸದವನಿದ್ದ. ಕಟ್ಟಡಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದು ಆರು ಪಕ್ಕೆಲುಬು ಮುರಿದಿದ್ದವು. ಹಿಂದಿನ ದಿನ ಮಧ್ಯಾಹ್ನ ಅವನ ಹೆಂಡತಿ ಗಾಜಿನಾಚೆಯಿಂದ ನೋಡಿ, "ಡಾಕ್ಟ್ರಮ್ಮ, ಇವ್ರು ನಿದ್ದೇಲಿ ಅಳ್ತಿದ್ದಾರೆ" ಎಂದಳು. ನಾಡಿ 126. ದಾದಿಯರು ಬಿಳಿ ಔಷಧಿಯನ್ನು ಎರಡು ಸಲ ಏರಿಸಿದ್ದರು. ರಕ್ತದೊತ್ತಡ ಬಿತ್ತೇ ಹೊರತು ನಾಡಿ ಇಳಿಯಲಿಲ್ಲ. ವೈದ್ಯೆ ಬೀರುವಿನಿಂದ ನೋವಿನ ಔಷಧಿಯ ಹೊಸ ಗಾಜಿನ ಆಂಪೂಲ್ ತರಿಸಿ, ತಾವೇ ಒಡೆದು, ತಾವೇ ನಿಧಾನವಾಗಿ ಕೊಟ್ಟರು. ಮೂರು ನಿಮಿಷದಲ್ಲಿ ನಾಡಿ 88ಕ್ಕೆ ಬಂತು. ಪಂಪಿನಲ್ಲಿ ಅದೇ ಔಷಧಿ ಬೆಳಗಿನಿಂದ ಹೋಗುತ್ತಲೇ ಇತ್ತು.

"ಅಂದ್ರೆ ಪಂಪಲ್ಲಿದ್ದದ್ದು ಬರೀ ನೀರು," ಎಂದರು ಇನ್‌ಸ್ಪೆಕ್ಟರ್.

"ಆ ಸಿರಿಂಜಿನ ಮೇಲಿನ ಚೀಟಿ ಎಂದಿನ ಹಾಗೆ ಕಡತಕ್ಕೆ ಅಂಟಿಸಿ, ಸಿರಿಂಜನ್ನ ಬೀಗ ಹಾಕಿಟ್ಟಿದ್ದೀನಿ. ಮನೆಗೆ ಹೋಗಿ ಹಳೇ ಚಾರ್ಟುಗಳನ್ನೆಲ್ಲ ನೋಡಿದೆ. ಮೂರು ವಾರದಲ್ಲಿ ಇಂಥ ಏರಿಕೆ ಒಂಬತ್ತು. ನಾಳೆ ಹತ್ತನೆಯವರು ಯಾರೋ ಗೊತ್ತಿಲ್ಲ. ಅವರಿಗೆ ಹೇಳ್ಕೊಳ್ಳೋಕೂ ಆಗಲ್ಲ."

11 ಗಂಟೆ 15ಕ್ಕೆ FIR ದಾಖಲಾಯಿತು.

ಮಧ್ಯಾಹ್ನ 12:40ಕ್ಕೆ ತೀವ್ರ ನಿಗಾ ಘಟಕದಲ್ಲಿ ಪಂಚನಾಮೆ. ಎಂಟು ಹಾಸಿಗೆ, ಎಂಟು ಮಾನಿಟರ್ ಪರದೆ, ಒಂದೇ ಲಯಕ್ಕೆ ಎಂದೂ ಬಾರದ ಬೀಪ್ ಸದ್ದುಗಳು. ಪಂಚರಾಗಿ ಬಂದ ಇಬ್ಬರು ಗುಮಾಸ್ತರು ಮೂಗಿನ ಮೇಲೆ ಮಾಸ್ಕು ಸರಿಪಡಿಸಿಕೊಳ್ಳುತ್ತಾ ಗೋಡೆಗಂಟಿ ನಿಂತರು. ಐವತ್ತು ಮಿಲಿಲೀಟರಿನ ಸಿರಿಂಜನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಲಾಯಿತು.

ಔಷಧಿಯ ಬೀರುವಿಗೆ ಎರಡು ಬೀಗ, ಎರಡು ಕೈ. ಒಂದು ಕೀಲಿ ಕರ್ತವ್ಯದ ಮೇಲಿರುವ ವೈದ್ಯರ ಬಳಿ, ಇನ್ನೊಂದು ಘಟಕದ ಹಿರಿಯ ದಾದಿಯ ಸೊಂಟದಲ್ಲಿತ್ತು. ಇಪ್ಪತ್ತಾರು ವರ್ಷದಿಂದ ಅಲ್ಲೇ ಇರುವ ಆಕೆಯನ್ನು ವೈದ್ಯರೂ ಸೇರಿದಂತೆ ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು.

"ಒಡೆದ ಆಂಪೂಲೂ ವಾಪಸ್ ಬರುತ್ತಾ?" ಇನ್‌ಸ್ಪೆಕ್ಟರ್ ಆಕೆಯನ್ನು ಕೇಳಿದರು.

"ಒಂದೂ ಬಿಡದೆ. ಚೂರಾದ್ರೂ ಚೂರು ಬರಬೇಕು."

"ಸಿರಿಂಜಿಗೆ ತುಂಬೋದು ಯಾರು?"

"ಒಬ್ರು ತುಂಬ್ತಾರೆ, ಇನ್ನೊಬ್ರು ನೋಡ್ತಾರೆ. ಇಬ್ಬರೂ ಚೀಟಿ ಮೇಲೆ ಸಹಿ ಹಾಕ್ತಾರೆ."

"ಆಮೇಲೆ?"

"ಪಂಪಿಗೆ ಹೋಗುತ್ತೆ. ಅಲ್ಲಿಗೆ ನನ್ನ ಕೀಲಿ ಕೆಲಸ ಮುಗೀತು." ಆಕೆ ಕೀಲಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಆಡಳಿತದವರು ನನ್ನನ್ನ ರಜೆ ಮೇಲೆ ಹೋಗು ಅಂತಿದ್ದಾರೆ ಸಾರ್. ಕೀಲಿ ಇದ್ದವಳೇ ಕಳ್ಳಿ ಅಂತ. ಹೋಗ್ತೀನಿ. ಆದ್ರೆ ಆರನೇ ಹಾಸಿಗೆಯ ಟೀಚರಮ್ಮನಿಗೆ ಗಂಟೆಗೊಂದು ಸಲ ಮಗ್ಗುಲು ತಿರುಗಿಸಬೇಕು. ಅದನ್ನ ಆಡಳಿತದವರು ಮಾಡ್ತಾರಾ ಕೇಳಿ."

ಇನ್‌ಸ್ಪೆಕ್ಟರ್ ಕೇಳಲಿಲ್ಲ. ತನಿಖೆ ಮುಗಿಯುವವರೆಗೆ ಹಿರಿಯ ದಾದಿ ಸ್ಥಳದಲ್ಲೇ ಇರುವುದು ಅಗತ್ಯ ಎಂದು ಎರಡು ಸಾಲಿನ ಪತ್ರ ಬರೆದು ಆಡಳಿತಾಧಿಕಾರಿಗೆ ಕಳಿಸಿದರು.

ಅಂದಿನಿಂದ ವೈದ್ಯೆ ಪ್ರತಿ ನೋವಿನ ಸಿರಿಂಜನ್ನೂ ಎರಡು ಗಂಟೆಗೊಮ್ಮೆ ಬದಲಿಸಿದರು. ಹೊರಗೆ ಹೇಳಿದ ಕಾರಣ ಸೋಂಕಿನ ಭಯ. ನೀರಿದ್ದರೂ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೋಗದಿರಲಿ ಎಂಬುದು ನಿಜವಾದ ಕಾರಣ.

13 ಮತ್ತು 14ನೇ ತಾರೀಖು ದಫೇದಾರರು ಚಾರ್ಟುಗಳ ಜೊತೆ ಕಳೆದರು. ಕಂಪ್ಯೂಟರಿನಲ್ಲೇ ತೆಗೆದುಕೊಡುತ್ತೇವೆ ಎಂದವರಿಗೆ, "ಕೈಯಲ್ಲಿ ಬರೆದ್ರೆ ತಲೆಗೆ ಹೋಗುತ್ತಮ್ಮ" ಎಂದರು. ದೊಡ್ಡ ಕಂದು ಹಾಳೆಯ ಮೇಲೆ ದಿನ, ಗಂಟೆ, ನಾಡಿ. ಪಕ್ಕದಲ್ಲಿ ಆ ಹೊತ್ತು ಕೆಲಸದಲ್ಲಿದ್ದವರು. ಒಂಬತ್ತೂ ಏರಿಕೆ ಹಗಲಿನವು. ಒಂಬತ್ತೂ ಆಳವಾದ ನಿದ್ದೆಯಲ್ಲಿದ್ದವರವು. ಅರೆ ಎಚ್ಚರದಲ್ಲಿದ್ದ ಒಬ್ಬ ರೋಗಿಯನ್ನೂ ಕಳ್ಳ ಮುಟ್ಟಿರಲಿಲ್ಲ.

"ಎಚ್ಚರ ಇದ್ದೋರು ಕೂಗ್ತಾರೆ ಅಂತ ಭಯ ಇರಬೇಕು ಸಾರ್."

"ಇರಬಹುದು," ಎಂದರು ಇನ್‌ಸ್ಪೆಕ್ಟರ್. "ಅಥವಾ ಬೇರೆ ಏನೋ ಲೆಕ್ಕಾಚಾರ."

15ರಂದು ಪ್ರಯೋಗಾಲಯದಿಂದ ಪ್ರಾಥಮಿಕ ವರದಿ ಬಂತು. ಸಿರಿಂಜಿನಲ್ಲಿದ್ದದ್ದು ಉಪ್ಪುನೀರಿನ ದ್ರಾವಣ. ಔಷಧಿ ಇರಬೇಕಾದ್ದರ ಹನ್ನೆರಡರಲ್ಲಿ ಒಂದು ಪಾಲೂ ಇಲ್ಲ.

16, ಶನಿವಾರ ಬೆಳಿಗ್ಗೆ 11ಕ್ಕೆ ಗಾರೆ ಕೆಲಸದವನ ಗಂಟಲಿನ ಕೊಳವೆ ತೆಗೆದರು. ನೋವು ಹತೋಟಿಗೆ ಬಂದ ಮೇಲೆ ಅವನ ಉಸಿರು ತಾನಾಗಿ ಆಳವಾಗಿತ್ತು. ಸಂಜೆ 4:30ಕ್ಕೆ ಹೇಳಿಕೆ. ದನಿ ಗಾರೆ ಕಲಸಿದ ಹಾಗೆ ಗರಗರ ಎನ್ನುತ್ತಿತ್ತು.

"ಏನಾದ್ರೂ ನೆನಪಿದೆಯಾ?"

"ನಿದ್ದೆ ಸಾರ್. ಆದ್ರೆ ಯಾರೋ ನನ್ನ ಎದೆ ಮೇಲೆ ನಿಂತಿದ್ರು. ತುಂಬಾ ಹೊತ್ತು. ಇಳೀರಿ ಅನ್ನೋಣ ಅಂದ್ರೆ ಬಾಯೇ ಇರ್ಲಿಲ್ಲ."

"ಯಾರು ಅಂತ ಕಾಣಿಸ್ತಾ?"

ಹೆಂಡತಿ ನಡುವೆ ಬಾಯಿ ಹಾಕಿದಳು. "ಅದು ಮನುಷ್ಯರಲ್ಲ ಸಾರ್, ನೋವು. ನಾನು ಆಚೆಯಿಂದ ನೋಡ್ತಾ ಇದ್ನಲ್ಲ."

ದಫೇದಾರರು ಅದನ್ನು ಅಕ್ಷರ ಬಿಡದೆ ಬರೆದುಕೊಂಡರು.

18, ಸೋಮವಾರ, ಬೆಳಿಗ್ಗೆ 9:50. ಔಷಧಿ ಮುಗಿದಾಗ ಸಿರಿಂಜಿನ ಚೀಟಿಯನ್ನು ಕಿತ್ತು ರೋಗಿಯ ಕಡತಕ್ಕೆ ಅಂಟಿಸುವುದು ಆ ಘಟಕದ ಕ್ರಮ. ಮೂರು ವಾರದ ಚೀಟಿಗಳನ್ನು ದಫೇದಾರರು ಒಂದೊಂದಾಗಿ ನೋಡುತ್ತಿದ್ದರು, ಒಟ್ಟು 214. ಸಹಿಗಳೆಲ್ಲ ಸರಿಯಾಗಿದ್ದವು. ಮಧ್ಯಾಹ್ನದ ಹೊತ್ತಿಗೆ ಅವರು ಸಹಿ ನೋಡುವುದನ್ನು ಬಿಟ್ಟು ಅಂಚು ನೋಡತೊಡಗಿದ್ದರು.

"ದೊಡ್ಡಕ್ಕ, ಚೀಟಿಯ ತುದಿ ಹೀಗೆ ಮಡಚಿರೋದು ಯಾಕೆ?"

"ಅದು ಕಿವಿ. ಕೈಗವಸು ಹಾಕ್ಕೊಂಡು ಚೀಟಿ ಕೀಳೋಕೆ ಆಗಲ್ಲ. ಅಂಟಿಸೋವಾಗ್ಲೇ ತುದಿ ಮಡಚಿ ಕಿವಿ ಬಿಡ್ತೀವಿ, ಹಿಡಿದು ಎಳೆದ್ರೆ ಬಂದುಬಿಡುತ್ತೆ. ನಾನೇ ಹೇಳಿಕೊಟ್ಟಿದ್ದು."

"ಹಾಗಾದ್ರೆ ಈ ಒಂಬತ್ತಕ್ಕೆ ಕಿವಿ ಯಾಕಿಲ್ಲ?"

ಒಂಬತ್ತು ಚೀಟಿಗಳ ತುದಿಯನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಲಾಗಿತ್ತು. ದಫೇದಾರರ ಕಂದು ಹಾಳೆಯ ಒಂಬತ್ತು ಏರಿಕೆಗಳ ಹೊತ್ತಿಗೂ ಈ ಒಂಬತ್ತು ಚೀಟಿಗಳಿಗೂ ತಾಳೆಯಾಯಿತು. ಕಳ್ಳ ನಿಜವಾದ ಸಿರಿಂಜಿನ ಚೀಟಿಯನ್ನು ಕಿವಿ ಹಿಡಿದು ಕಿತ್ತು ಉಪ್ಪುನೀರಿನ ಸಿರಿಂಜಿಗೆ ಅಂಟಿಸಿದ್ದ. ಆಮೇಲೆ ಕಿವಿಯನ್ನು ಕತ್ತರಿಸಿದ್ದ. ಯಾಕೆ?

ದೊಡ್ಡಕ್ಕ ಚೀಟಿಯ ಅಂಚನ್ನು ಉಗುರಿನಿಂದ ಸವರಿ ನೋಡಿದರು. "ಇದು ಆಪರೇಷನ್ ಥಿಯೇಟರಿನವರ ರೂಢಿ. ಅಲ್ಲಿ ಕಿವಿ ಇದ್ರೆ ಪೈಪಿಗೆ ಸಿಕ್ಕಿಕೊಳ್ಳುತ್ತೆ ಅಂತ ಕತ್ತರಿಸ್ತಾರೆ. ಕತ್ತರಿ ಕೈಯಲ್ಲೇ ಇರುತ್ತಲ್ಲ. ಅಲ್ಲಿ ಪಳಗಿದ ಕೈ ಕಿವಿ ಕಂಡ್ರೆ ಸುಮ್ನಿರಲ್ಲ."

"ಥಿಯೇಟರಲ್ಲಿ ಪಳಗಿ ಇಲ್ಲಿ ಕೆಲಸ ಮಾಡೋರು ಎಷ್ಟು ಜನ?"

"ಇಬ್ರು," ಎಂದರು ಅರಿವಳಿಕೆ ವೈದ್ಯೆ. ಅವರು ಬಾಗಿಲಲ್ಲಿ ನಿಂತಿದ್ದರು. "ಒಬ್ಬಳು ನಾನು. ನನ್ನ ಹೆಸರೂ ಬರ್ಕೊಳ್ಳಿ."

"ದೂರು ಕೊಟ್ಟವರೇ ನೀವು ಮೇಡಂ."

"ದೂರು ಕೊಟ್ಟವರು ಕದಿಯಬಾರದು ಅಂತ ಕಾನೂನಿದೆಯಾ? ಬರ್ಕೊಳ್ಳಿ, ಪರಿಶೀಲಿಸಿ. ಆಮೇಲೆ ಹೊಡೆದುಹಾಕಿ."

ದಫೇದಾರರು ಬರೆದರು, ಪರಿಶೀಲಿಸಿದರು. ಒಂಬತ್ತರಲ್ಲಿ ಐದು ಸಲ ವೈದ್ಯೆ ಮೇಲಿನ ಮಹಡಿಯ ಥಿಯೇಟರಿನಲ್ಲಿ ಶಸ್ತ್ರಚಿಕಿತ್ಸೆಯ ನಡುವೆ ಇದ್ದರು. ಹೆಸರು ಹೊಡೆದುಹಾಕಿದರು. ಮುಂದೆ ಈ ಪ್ರಕರಣದ ಬಗ್ಗೆ ಯಾರಿಗಾದರೂ ಹೇಳುವಾಗ ಅವರು ಇದನ್ನು ಹೇಳದೆ ಬಿಡುತ್ತಿರಲಿಲ್ಲ: ತನ್ನ ಹೆಸರನ್ನು ತಾನೇ ಪಟ್ಟಿಗೆ ಸೇರಿಸಿದವರನ್ನು ಸರ್ವಿಸಿನಲ್ಲಿ ಒಬ್ಬರನ್ನೇ ನೋಡಿದ್ದೇನೆ ಎಂದು.

ಉಳಿದವನು ಪಂಪುಗಳ ಟೆಕ್ನಿಷಿಯನ್. ಮೂವತ್ತೆಂಟು ವರ್ಷ. ಪಂಪಿನ ಬ್ಯಾಟರಿ, ಅಲಾರಮ್ಮು, ರೋಗಿಯನ್ನು ಸ್ಕ್ಯಾನಿಂಗಿಗೆ ಒಯ್ಯುವಾಗ ಪಂಪು ಬಿಚ್ಚಿ ಜೋಡಿಸುವುದು ಅವನ ಕೆಲಸ. ಎಲ್ಲರೂ ಪಂಪಣ್ಣ ಎಂದೇ ಕರೆಯುತ್ತಿದ್ದರು. ಯಾವ ಪಂಪು ಕೆಟ್ಟರೂ ಮೊದಲು ಅದರ ಬೆನ್ನು ಸವರಿ ಆಮೇಲೆ ಬಿಚ್ಚುತ್ತಿದ್ದನಂತೆ. ಒಂಬತ್ತೂ ಸಲ ಅವನು ಕೆಲಸದಲ್ಲಿದ್ದ.

"ಅವನಾ?" ಎಂದರು ದೊಡ್ಡಕ್ಕ. "ಬೆಳಿಗ್ಗೆ ನಮ್ಮೆಲ್ಲರಿಗೂ ಟೀ ತಂದುಕೊಟ್ಟಿದ್ದು ಅವನೇ."

ಕೈಗೆ ಮಾಲು ಸಿಕ್ಕದೆ ಚೀಟಿಯ ಅಂಚು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಇನ್‌ಸ್ಪೆಕ್ಟರ್ ಒಂದು ಬಲೆಯ ಮಾತೆತ್ತಿದರು. ಮಾತು ಮುಗಿಯುವ ಮೊದಲೇ ವೈದ್ಯೆ ತಲೆಯಾಡಿಸಿದರು.

"ನನ್ನ ರೋಗಿ ನಿಮ್ಮ ಗಾಳದ ಹುಳ ಅಲ್ಲ."

"ಮತ್ತೆ ಹಿಡಿಯೋದು ಹೇಗೆ?"

"ನಾನು ಮಾಡಿಕೊಡ್ತೀನಿ. ರೋಗಿಗೆ ಒಂದು ಹನಿ ತಪ್ಪಬಾರದು, ಅಷ್ಟೇ."

21, ಗುರುವಾರ. ಆರನೇ ಹಾಸಿಗೆಯಲ್ಲಿ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾದ ಶಾಲಾ ಶಿಕ್ಷಕಿ ಆಳವಾದ ನಿದ್ದೆಯಲ್ಲಿದ್ದರು. ಬೆಳಿಗ್ಗೆ 8ಕ್ಕೆ ವೈದ್ಯೆ ನಿಜವಾದ ನೋವಿನ ಔಷಧಿಯ ಪಂಪನ್ನು ಹೊದಿಕೆಯ ಕೆಳಗೆ, ಮಂಚದ ಗೋಡೆ ಬದಿಗೆ ಕಟ್ಟಿದರು. ಎಲ್ಲರಿಗೂ ಕಾಣುವ ಕಂಬದ ಮೇಲಿನ ಸಿರಿಂಜಿನಲ್ಲಿ ಬರೀ ಉಪ್ಪುನೀರು. ಅದರ ಕೊಳವೆ ರೋಗಿಯ ತೋಳಿನ ಪಕ್ಕದಲ್ಲಿ ಹಾದು ಹೋಗಿ ಮಂಚದ ಕೆಳಗಿನ ಬಾಟಲಿಗೆ ತೊಟ್ಟಿಕ್ಕುತ್ತಿತ್ತು. ಸಿರಿಂಜಿನ ಬುಡಕ್ಕೆ ದಫೇದಾರರು ಸೂಜಿಯಿಂದ ಮೂರು ಗೀರು ಹಾಕಿದ್ದರು. ಮಹಿಳಾ ಕಾನ್ಸ್‌ಟೇಬಲ್ ನೀಲಿ ಕೋಟು ತೊಟ್ಟು ನೆಲ ಒರೆಸುತ್ತಿದ್ದಳು. ಎಷ್ಟು ಚೆನ್ನಾಗಿ ಒರೆಸಿದಳೆಂದರೆ ದೊಡ್ಡಕ್ಕ ಹತ್ತಿರ ಬಂದು, "ಪೊಲೀಸ್ ಕೆಲಸ ಬೇಜಾರಾದ್ರೆ ಇಲ್ಲಿಗೆ ಬಂದುಬಿಡಮ್ಮ" ಎಂದು ಪಿಸುಗುಟ್ಟಿದರು.

ವೈದ್ಯೆ ಒಂದು ಕ್ಷಣವೂ ಅಲ್ಲಾಡಲಿಲ್ಲ. ಹಾಸಿಗೆಯ ತಲೆಬದಿಯಲ್ಲಿ ಸ್ಟೂಲು ಹಾಕಿ, ಕಣ್ಣು ಮಾನಿಟರ್ ಮೇಲೆ, ಬೆರಳು ಶಿಕ್ಷಕಿಯ ಮಣಿಕಟ್ಟಿನ ಮೇಲೆ. ನಾಡಿ 74, 76, 74. ಬಿಳಿಯದನ್ನು ಗಂಟೆಗೆ ಅರ್ಧ ಮಿಲಿಲೀಟರ್ ಇಳಿಸಿ ಕಾದರು. ಮುಖದ ಗೆರೆ ನೋಡಿದರು. ಮತ್ತೆ ಸ್ವಲ್ಪ ಇಳಿಸಿದರು. ನೋವು ಇಲ್ಲದಾಗ ನಿದ್ದೆಗೆ ಎಷ್ಟು ಕಡಿಮೆ ಸಾಕು ಎಂಬುದನ್ನು ಗಾಜಿನಾಚೆ ಮರೆಯಲ್ಲಿ ಕುಳಿತ ಇನ್‌ಸ್ಪೆಕ್ಟರ್ ಕಣ್ಣಾರೆ ಕಂಡರು. ಐದು ಗಂಟೆ ಹೊತ್ತು ಒಂದು ಜೀವವನ್ನು ಎಚ್ಚರಕ್ಕೂ ಸಾವಿಗೂ ನಡುವಿನ ಒಂದೇ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡಿರುವುದನ್ನು ಅವರು ಹಿಂದೆಂದೂ ನೋಡಿರಲಿಲ್ಲ.

ಮಧ್ಯಾಹ್ನ 1:20ಕ್ಕೆ ವೈದ್ಯೆ ಊಟಕ್ಕೆಂದು ಎದ್ದು ಪಕ್ಕದ ಕೋಣೆಗೆ ಹೋದರು. ಅಲ್ಲಿ ಊಟವಿರಲಿಲ್ಲ, ಶಿಕ್ಷಕಿಯ ನಾಡಿ ತೋರಿಸುವ ಇನ್ನೊಂದು ಮಾನಿಟರ್ ಇತ್ತು. 1:34ಕ್ಕೆ ಪಂಪಣ್ಣ ಬಂದ. ಪಂಪಿನ ಬೆನ್ನು ಸವರಿದ. ಹಾಸಿಗೆಯ ಸುತ್ತಲಿನ ಬಟ್ಟೆಯ ಪರದೆ ಎಳೆದ. ನಲವತ್ತು ಸೆಕೆಂಡು. ಪರದೆ ಸರಿಸಿ ಹೊರಬಂದು, ಒದ್ದೆ ನೆಲದಲ್ಲಿ ಜಾರದಂತೆ ಎಚ್ಚರಿಕೆಯಿಂದ ಹೆಜ್ಜೆ ಇಟ್ಟು ನಡೆದ.

1:58ಕ್ಕೆ ಹಿಂಬಾಗಿಲ ಬಳಿ, ಸೈಕಲ್ ಸ್ಟ್ಯಾಂಡಿನಲ್ಲಿ ತಡೆದರು. ಊಟದ ಡಬ್ಬಿಯ ಕೆಳಗಿನ ಬಟ್ಟಲಲ್ಲಿ ಸಿರಿಂಜು. ಬುಡದಲ್ಲಿ ಮೂರು ಗೀರು. ಪಂಚರ ಸಮಕ್ಷಮ ಜಪ್ತಿ. ಅಂಗಿಯ ಜೇಬಿನಲ್ಲಿ ಪುಟ್ಟ ಕತ್ತರಿ, ಅದರ ಬಾಯಿಗೆ ಅಂಟಿದ ಕಾಗದದ ಕಿವಿ.

ಅವನು ಓಡಲಿಲ್ಲ, ಅಲ್ಲಗಳೆಯಲಿಲ್ಲ. ಗಡಿಯಾರ ನೋಡಿದ.

"ಸಾರ್, ನನ್ನನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ. ಇದನ್ನ ಮಾತ್ರ ಯಾರಾದ್ರೂ ಮನೆಗೆ ತಲುಪಿಸಿ. ಮೂರು ಗಂಟೆಗೆ ಬೇಕು."

"ಯಾರಿಗೆ?"

"ನಮ್ಮ ಅತ್ತಿಗೆಗೆ. ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿದೆ. ಅಮ್ಮ ಹೋದಾಗ ನಂಗೆ ನಾಲ್ಕು ವರ್ಷ. ಸಾಕಿದ್ದು ಅವರೇ. ಇನ್ನು ಮಾಡೋದೇನಿಲ್ಲ ಅಂತ ಬೇರೆ ಊರಿನ ಆಸ್ಪತ್ರೆಯವರು ಮನೆಗೆ ಕಳಿಸಿಬಿಟ್ರು. ಬರೆದುಕೊಟ್ಟ ಮಾತ್ರೆ ಯಾವ ಅಂಗಡೀಲೂ ಇಲ್ಲ. ಚರ್ಮದ ಕೆಳಗೆ ಸಣ್ಣ ಸೂಜಿ ಇಟ್ಟು ಚೂರು ಚೂರು ಕೊಡ್ತೀನಿ. ಉಳಿಸಿಟ್ಟದ್ದು ಇವತ್ತು ಬೆಳಿಗ್ಗೆಗೆ ಮುಗೀತು."

"ನಿಮ್ಮ ಡಾಕ್ಟ್ರನ್ನೇ ಕೇಳಬಹುದಿತ್ತಲ್ಲ?"

"ಪಂಪು ರಿಪೇರಿ ಮಾಡೋನು ನಾನು. ಅಷ್ಟು ದೊಡ್ಡೋರ ಹತ್ರ ಮನೆ ಕಷ್ಟ ಹೇಳೋಕೆ ಬಾಯಿ ಬರ್ಲಿಲ್ಲ." ಆಮೇಲೆ ತಲೆ ಎತ್ತಿ, ತನ್ನ ಪರವಾಗಿ ಇರುವ ಒಂದೇ ಮಾತನ್ನು ಹೇಳುವವನಂತೆ ಹೇಳಿದ: "ಎಚ್ಚರ ಇರೋರದ್ದು ಒಂದು ಹನಿ ಮುಟ್ಟಿಲ್ಲ ಸಾರ್. ಗಾಢವಾಗಿ ಮಲಗಿರೋರದ್ದು ಮಾತ್ರ. ಆ ಎರಡು ಸಿರಿಂಜಿಗೂ ಸೇರಿಸಿ ವಾರ್ಡಲ್ಲಿ ಎಲ್ಲರೂ ನಿದ್ದೆ ಜೋಡಿ ಅಂತಾರೆ. ಮಲಗಿರೋರಿಗೆ ಬಿಳೀದು ಸಾಕು, ಇನ್ನೊಂದು ದಂಡ ಅಂದ್ಕೊಂಡೆ. ಮಲಗಿರೋರಿಗೆ ನೋವಿರಲ್ಲವಲ್ಲ."

ಇನ್‌ಸ್ಪೆಕ್ಟರ್ ದಫೇದಾರರ ಕಡೆ ನೋಡಿದರು. ದಫೇದಾರರು ಫೈಲು ತೆಗೆದು ಗಾರೆ ಕೆಲಸದವನ ಹೇಳಿಕೆಯನ್ನು ಓದಿದರು, ಪಂಚನಾಮೆ ಓದುವ ಅದೇ ದನಿಯಲ್ಲಿ. "ಯಾರೋ ನನ್ನ ಎದೆ ಮೇಲೆ ನಿಂತಿದ್ರು. ತುಂಬಾ ಹೊತ್ತು. ಇಳೀರಿ ಅನ್ನೋಣ ಅಂದ್ರೆ ಬಾಯೇ ಇರ್ಲಿಲ್ಲ."

ಪಂಪಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತುಬಿಟ್ಟ. "ಒಂಬತ್ತು ಜನಾನೂನಾ?" ಎಂದ.

"ಒಂಬತ್ತು ಜನಾನೂ."

2:12ಕ್ಕೆ ಬಂಧನ ದಾಖಲಾಯಿತು. ಜೀಪು ಹತ್ತುವ ಮೊದಲು ಅವನು ಮನೆಯ ಕೀಲಿಯನ್ನು ದಫೇದಾರರ ಕೈಗೆ ಕೊಟ್ಟ. ಡಬ್ಬಿಯಲ್ಲಿ ಇದ್ದದ್ದೂ ಉಪ್ಪುನೀರೇ ಎಂದು ಅವನಿಗೆ ಯಾರೂ ಹೇಳಲಿಲ್ಲ.

ವೈದ್ಯೆಗೆ ವಿಷಯ ತಿಳಿಸಿದಾಗ ಅವರು ಮೊದಲು ಕೇಳಿದ್ದು ಒಂದೇ: "ಕೊನೇ ಸಲ ಕೊಟ್ಟದ್ದು ಎಷ್ಟು ಗಂಟೆಗೆ?" ಬೆಳಿಗ್ಗೆ ಏಳಕ್ಕೆ ಎಂದು ಇನ್‌ಸ್ಪೆಕ್ಟರ್ ಹೇಳಿದರು. ಹದಿನೈದು ನಿಮಿಷದಲ್ಲಿ ವೈದ್ಯೆ ಆಸ್ಪತ್ರೆಯ ಅಧೀಕ್ಷಕರ ಸಹಿ ಪಡೆದು, ದೊಡ್ಡಕ್ಕನಿಂದ ಬೀರು ತೆರೆಸಿ, ರಿಜಿಸ್ಟರಿನಲ್ಲಿ ರೋಗಿಯ ಹೆಸರು, ವಿಳಾಸ ಬರೆದರು. ಶಿಕ್ಷಕಿಯ ಪಕ್ಕದ ಸ್ಟೂಲಿನ ಮೇಲೆ ಇನ್ನೊಬ್ಬ ವೈದ್ಯರನ್ನು ಕೂರಿಸಿ ಹೊರಟರು.

ಎರಡು ಕೋಣೆಯ ಮನೆ. ಕಿಟಕಿಯ ಪಕ್ಕ ಮಂಚ, ಮಂಚದ ಪಕ್ಕ ಸರಿಯಾಗಿ ಒಗೆದು ಮಡಚಿಟ್ಟ ಬಟ್ಟೆಗಳು. ಒಂದು ಹಳೆಯ ನೋಟುಪುಸ್ತಕದಲ್ಲಿ ಅವನ ಕೈಬರಹ: ಗಂಟೆ, ಕೊಟ್ಟ ಪ್ರಮಾಣ, ಉಸಿರಿನ ಎಣಿಕೆ. ವೈದ್ಯೆ ಪುಟ ತಿರುವಿ ನೋಡಿ, "ಪಕ್ಕದಲ್ಲೇ ಕೂತು ಎಣಿಸಿದ್ದಾನೆ" ಎಂದರು, ಯಾರಿಗೂ ಅಲ್ಲದಂತೆ. ದಫೇದಾರರು ಆ ಪುಸ್ತಕವನ್ನೂ ಬಾಗಿಲ ಹಿಂದಿನ ಚೀಲದಲ್ಲಿದ್ದ ಖಾಲಿ ಸಿರಿಂಜುಗಳನ್ನೂ ಜಪ್ತಿ ಪಟ್ಟಿಗೆ ಸೇರಿಸಿದರು.

ಅತ್ತಿಗೆ ಮೊಣಕಾಲನ್ನು ಎದೆಗೆ ಎಳೆದುಕೊಂಡು ಮಲಗಿದ್ದರು. ತುಟಿ ಕಚ್ಚಿದ ಕಡೆ ಗಾಯವಾಗಿತ್ತು.

"ಅವನೆಲ್ಲಿ?"

"ಠಾಣೇಲಿದ್ದಾನಮ್ಮ," ಎಂದರು ಇನ್‌ಸ್ಪೆಕ್ಟರ್.

"ಔಷಧಿ ಆಸ್ಪತ್ರೆಯವರೇ ಕೊಟ್ಟು ಕಳಿಸ್ತಾರೆ ಅಂತಿದ್ದ. ಸುಳ್ಳಾ?"

"ಸುಳ್ಳು. ಇವತ್ತು ಮಾತ್ರ ಅವರೇ ಬಂದಿದ್ದಾರೆ."

ಆಕೆ ಕಣ್ಣು ಮುಚ್ಚಿಕೊಂಡರು. ವೈದ್ಯೆ ನೆಲದ ಮೇಲೆ ಮಂಡಿಯೂರಿ, ಆಕೆಯ ತೋಳಿನಲ್ಲಿ ನಾಳ ಹುಡುಕಿ, ನೋವಿನ ಔಷಧಿಯನ್ನು ಸ್ವಲ್ಪ ಕೊಟ್ಟು ನಿಂತರು. ಮತ್ತೆ ಸ್ವಲ್ಪ ಕೊಟ್ಟು ನಿಂತರು. ನಿದ್ದೆಯದನ್ನು ಕಾಲು ಪಾಲಷ್ಟೇ ಬೆರೆಸಿದರು. "ಇನ್ಮೇಲೆ ದಿನಾ ನಾನೋ ನನ್ನ ಕಡೆಯವರೋ ಬರ್ತೀವಿ. ಕೇಳೋಕೆ ನಾಚ್ಕೋಬೇಡಿ" ಎಂದರು. ಅತ್ತಿಗೆಯ ಮೊಣಕಾಲು ನಿಧಾನವಾಗಿ ಎದೆಯಿಂದ ಕೆಳಗಿಳಿಯಿತು. ಬೆರಳುಗಳು ಹೊದಿಕೆಯನ್ನು ಬಿಟ್ಟವು.

ದಫೇದಾರರು ಠಾಣೆಯ ದಿನಚರಿಗಾಗಿ ಗಡಿಯಾರ ನೋಡಿಕೊಂಡರು. ವೈದ್ಯೆ ಆಕೆಯ ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ ಹೇಳಿದರು. ದಫೇದಾರರು ಹಾಗೆಯೇ ಬರೆದುಕೊಂಡರು. ಮಧ್ಯಾಹ್ನ 3 ಗಂಟೆ 25 ನಿಮಿಷ. ಉಸಿರು, ನಿಮಿಷಕ್ಕೆ ಹದಿನಾಲ್ಕು.